ಕೆಂಪಾಗದೆ ಕರಗಿದ್ದು

ಆ ಮನುಷ್ಯ ಎದುರಿಗೆ ಬಂದವರ ಮುಖ ನೋಡುತ್ತಿರಲಿಲ್ಲ, ಕಿವಿ ನೋಡುತ್ತಿದ್ದರು. ತಹಸೀಲ್ದಾರರೇ ಬಂದು ನಿಂತರೂ ಇವರ ಕಣ್ಣು ಮೊದಲು ಹೋಗುವುದು ಕಿವಿಯ ತುದಿಗೆ. ಅಲ್ಲಿ ಚಿನ್ನವಿದ್ದರೆ ಅದರ ಹಿಂದಿನ ತಿರುಪು ಯಾರ ಕೈಯದು, ಎಷ್ಟು ಸವೆದಿದೆ, ಬಿದ್ದುಹೋಗುವ ಹಾಗಿದೆಯೋ ಹೇಗೆ ಎಂದು ಬಗ್ಗಿ ನೋಡುವರು. ಚಿನ್ನವಿಲ್ಲದಿದ್ದರೆ ಚಿಕ್ಕಂದಿನಲ್ಲಿ ಚುಚ್ಚಿಸಿದ ತೂತು ಮುಚ್ಚಿಹೋಯಿತೋ ಇನ್ನೂ ಇದೆಯೋ ಎಂದಾದರೂ ನೋಡಲೇಬೇಕು. ನನ್ನ ಪರಿಚಯವಾಗಿ ಎಷ್ಟೋ ತಿಂಗಳಾದ ಮೇಲೆ, ಒಂದು ಚಳಿಗಾಲದ ಬೆಳಿಗ್ಗೆ ಸಂತೆಯಲ್ಲಿ ನಾನು ತಲೆಗೆ ಮಫ್ಲರ್ ಸುತ್ತಿಕೊಂಡು ಎದುರಾದಾಗ, ಯಾರೋ ಬೇರೆ ಊರಿನವರು ಎಂದುಕೊಂಡು ಸರಿದು ದಾರಿ ಬಿಟ್ಟರು. ಮಫ್ಲರ್ ಬಿಚ್ಚಿದೆ. ಆಗ ಗುರುತು ಹಿಡಿದು, ಮೊದಲೇ ಬಿಚ್ಚಬಾರದಿತ್ತೇ ಎಂದು ನನ್ನನ್ನೇ ಗದರಿಸಿದರು.

ಹೋದ ತಿಂಗಳು ರಾಯಚೂರಿನ ಬಸ್ ನಿಲ್ದಾಣದಲ್ಲಿ ಮಸ್ಕಿಯ ಹಳೆಯ ಪರಿಚಯದವರೊಬ್ಬರು ಸಿಕ್ಕರು. ಮಳೆ, ಬೆಳೆ ಎಲ್ಲ ಮಾತಾಡಿ ಮುಗಿದ ಮೇಲೆ, ಪತ್ತಾರರು ತೀರಿಕೊಂಡು ವರ್ಷವಾಯಿತಲ್ಲ, ನಿಮಗೆ ಗೊತ್ತಿಲ್ಲವೇ ಎಂದರು. ಗೊತ್ತಿರಲಿಲ್ಲ. ಬಸ್ಸು ಹತ್ತಿ ಕೂತವನು ನನಗೇ ತಿಳಿಯದ ಹಾಗೆ ಮುಂದಿನ ಸೀಟಿನ ಹೆಂಗಸಿನ ಕಿವಿಯನ್ನೇ ನೋಡುತ್ತಿದ್ದೆ. ಆಕೆ ಸೆರಗು ಎಳೆದುಕೊಂಡು, ಈ ವಯಸ್ಸಿಗೆ ಇದೆಂಥ ಬುದ್ಧಿ ಎಂಬಂತೆ ಒಮ್ಮೆ ತಿರುಗಿ ನೋಡಿದರು. ಏನು ಹೇಳಲಿ? ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಪತ್ತಾರರ ಹೆಸರು ಬರೆಯುವುದಿಲ್ಲ. ಅವರೂ ನನ್ನ ಹೆಸರನ್ನು ಒಂದು ದಿನವೂ ಕೇಳಲಿಲ್ಲ. ಚಿನ್ನಬೆಳ್ಳಿಯ ಕೆಲಸ ಮಾಡುವವರನ್ನು ನಮ್ಮ ಕಡೆ ಪತ್ತಾರರು ಎನ್ನುತ್ತಾರೆ, ಊರಿಗೆಲ್ಲ ಅವರು ಪತ್ತಾರರೇ. ನಾನು ಆಗ ಲಿಂಗಸುಗೂರಿನ ದನದ ದವಾಖಾನೆಯಲ್ಲಿ ಹೊಸ ನೌಕರ. ಪೊಲೀಸ್ ಕಾರ್ಯಾಚರಣೆ ಮುಗಿದು ನಾಲ್ಕಾರು ವರ್ಷ ಕಳೆದಿದ್ದರೂ ನಮ್ಮ ಜಿಲ್ಲೆ ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಕಾಗದಪತ್ರ ಉರ್ದುವಿನಲ್ಲೇ ನಡೆಯುತ್ತಿತ್ತು, ದನಕ್ಕೆ ಮದ್ದು ಕೊಡುವವನನ್ನು ಜನ ನಿಜಾಮರ ಕಾಲದ ಮಾತಿನಲ್ಲಿ ಸಲೋತ್ರಿ ಎಂದೇ ಕರೆಯುತ್ತಿದ್ದರು. ಪತ್ತಾರರಿಗೂ ನಾನು ಸಲೋತ್ರಿ. ಅಷ್ಟು ಸಾಕಾಗಿತ್ತು ಇಬ್ಬರಿಗೂ.

ಅವರ ಅಂಗಡಿ ಮಸ್ಕಿಯ ಸಂತೆ ಬೀದಿಯಲ್ಲಿ, ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಗೆ ಹತ್ತಿಕೊಂಡೇ ಇತ್ತು. ಅಂಗಡಿ ಎಂದರೆ ಮನೆಯ ಮುಂದಿನ ಕಟ್ಟೆ. ಒಂದು ಮಣೆ, ಕೆಂಡದ ಕುಂಪಟಿ, ಊದುಗೊಳವೆ, ಒರೆಗಲ್ಲು, ಗೋಡೆಗೆ ಒರಗಿಸಿದ ಮರದ ಪೆಟ್ಟಿಗೆ, ಇಷ್ಟೇ. ಹಿಂದೆ ಒಂದು ಹಳೆಯ ಸೀರೆಯ ಪರದೆ, ಪರದೆಯ ಹಿಂದೆ ಅವರ ಹೆಂಡತಿ. ಆ ಅಮ್ಮ ಹೊರಗೆ ಕಾಣಿಸಿಕೊಳ್ಳುವುದು ಅಪರೂಪ, ಆದರೆ ಪತ್ತಾರರು ಆಡಿದ ಒಂದು ಮಾತೂ ಅವರ ಕಿವಿ ತಪ್ಪುತ್ತಿರಲಿಲ್ಲ. ಉತ್ತರ ಪರದೆಯ ಒಳಗಿನಿಂದಲೇ ಬರುತ್ತಿತ್ತು, ಅದೂ ಚುಚ್ಚುವಂಥದ್ದು.

ಪತ್ತಾರರ ಬಾಯಲ್ಲಿ ಸದಾ ಇದ್ದದ್ದು ಒಂದೇ ಪ್ರಶ್ನೆ: “ಇದು ಹೆಂಗ ಹಿಡಕೊಂಡೈತಿ?” ಏನು ಕಂಡರೂ ಅದೇ. ನನ್ನ ಕೈಗಡಿಯಾರ ಹೇಗೆ ಹಿಡಿದುಕೊಂಡಿದೆ, ಶಾಯಿ ಪೆನ್ನಿನ ಮುಚ್ಚಳ ಹೇಗೆ ಹಿಡಿದುಕೊಂಡಿದೆ, ಇಂಜೆಕ್ಷನ್ನಿನ ಪಿಚಕಾರಿ ಬಿಚ್ಚಿದರೆ ಎಷ್ಟು ತುಂಡಾಗುತ್ತದೆ. ಬಿಚ್ಚಿ ತೋರಿಸುವವರೆಗೂ ಬಿಡುತ್ತಿರಲಿಲ್ಲ. ನಿಜಾಮರ ಸರ್ಕಾರ ಬಿದ್ದ ವಾರ ಊರೆಲ್ಲ ಹೆದರಿ ಬಾಗಿಲು ಹಾಕಿಕೊಂಡಿದ್ದಾಗ, ಇಷ್ಟು ವರ್ಷ ಅದು ಹೆಂಗ ಹಿಡಕೊಂಡಿತ್ತು, ಅದರ ತಿರುಪು ಎಲ್ಲಿತ್ತು ಎಂದು ಇವರು ಕಟ್ಟೆಯ ಮೇಲೆ ಕೂತು ದಾರಿಹೋಕರನ್ನು ಕೇಳುತ್ತಿದ್ದರಂತೆ. ಹೆಂಡತಿ ಬಂದು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರಂತೆ.

ಸೈಕಲ್ಲಿನ ಕಥೆ ಇನ್ನೂ ಚೆನ್ನಾಗಿದೆ. ಸೈಕಲ್ಲಿನ ಎಡಗಡೆಯ ಪೆಡಲ್ಲಿಗೆ ತಿರುಪು ಉಲ್ಟಾ ಇರುತ್ತದೆ ಎನ್ನುವುದು ಅವರಿಗೆ ಒಂದು ದಿನ ಗೊತ್ತಾಯಿತು. ಬಲಕ್ಕೆ ತಿರುಗಿಸಿದರೆ ಬಿಗಿಯಾಗಬೇಕು ತಾನೆ, ಇದು ಬಿಚ್ಚಿಕೊಳ್ಳುತ್ತದೆ! ಅವರಿಗೆ ಅನ್ನ ಸೇರಲಿಲ್ಲ. ಶಾಲೆಯ ಮಾಸ್ತರರನ್ನು ಕೇಳಿದರು. ಸಿಂಧನೂರು ಕಡೆ ಕಾಲುವೆ ಅಗೆಸುತ್ತಿದ್ದ ಇಂಜಿನಿಯರೊಬ್ಬರು ಚಹಾ ಕುಡಿಯಲು ಇಳಿದರೆ ಅವರನ್ನೂ ಹಿಡಿದು ಕೇಳಿದರು. ಆ ಇಂಜಿನಿಯರು ಪಾಪ, ತುಳಿಯುವ ಕಾಲು ಎರಡೂ ಕಡೆ ಒಂದೇ ರೀತಿ ತಿರುಗುವುದಿಲ್ಲ, ಒಂದೇ ತಿರುಪು ಹಾಕಿದರೆ ಒಂದು ಪೆಡಲ್ಲು ದಾರಿಯಲ್ಲೇ ಬಿದ್ದುಹೋಗುತ್ತದೆ ಎಂದು ಸಮಾಧಾನವಾಗಿ ತಿಳಿಸಿ ಹೇಳಿದರು. ಪತ್ತಾರರು ತಲೆಯಾಡಿಸಿದರು. ಅವರು ಹೋದ ಮೇಲೆ ಬಾಡಿಗೆ ಸೈಕಲ್ಲೊಂದನ್ನು ತಲೆಕೆಳಗೆ ನಿಲ್ಲಿಸಿ, ಮಧ್ಯಾಹ್ನದವರೆಗೂ ಪೆಡಲ್ಲು ತಿರುಗಿಸುತ್ತ ಕೂತರು. ಯಾರು ಹೇಳಿದರೂ ಅವರ ಕೈಗೆ ಗೊತ್ತಾಗುವ ತನಕ ಅದು ಅವರಿಗೆ ಗೊತ್ತಾದಂತಲ್ಲ.

ಇಂಥವರ ಅಂಗಡಿಯ ಮುಂದೆಯೇ ನನ್ನ ಫಟಫಟಿ ಕೆಟ್ಟು ನಿಲ್ಲಬೇಕೇ?

ಫಟಫಟಿ ಎಂದರೆ ದವಾಖಾನೆಯ ಮೋಟಾರ್ ಸೈಕಲ್. ಮಹಾಯುದ್ಧದಲ್ಲಿ ಸಿಪಾಯಿಗಳು ಓಡಿಸಿ ಬಿಟ್ಟ ಗಾಡಿ, ಹಸಿರು ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿತ್ತು. ಆ ವರ್ಷ ಸಿಂಧನೂರಿನಾಚೆ ಮುಕ್ಕುಂದದ ಕಡೆ ದನಗಳಿಗೆ ದೊಡ್ಡರೋಗ ಬಿದ್ದಿತ್ತು. ಐಸಿನ ಡಬ್ಬಿಯಲ್ಲಿ ಮದ್ದು ಇಟ್ಟುಕೊಂಡು, ಐಸು ಕರಗುವುದರೊಳಗೆ ನಾನು ಊರು ಮುಟ್ಟಬೇಕು. ಪೆಟ್ರೋಲು ಟ್ಯಾಂಕಿನಿಂದ ಇಳಿದು ಗಾಳಿಯ ಜೊತೆ ಬೆರೆಯುವ ಸಣ್ಣ ಡಬ್ಬಿಯಂಥದ್ದಕ್ಕೆ ಕಾರ್ಬುರೇಟರ್ ಎನ್ನುತ್ತಾರೆ. ಅದರ ತಳದಲ್ಲಿ ತಿರುಪಿನ ಬಿರಡೆಯೊಂದು ಇರುತ್ತದೆ, ಕಸ ಕೂತಾಗ ಅದನ್ನು ಬಿಚ್ಚಿ ತೊಳೆಯಬೇಕು. ಲಾರಿ ರಿಪೇರಿ ಮಾಡುವ ಒಬ್ಬ ಪುಣ್ಯಾತ್ಮ ಲಾರಿಯ ನಟ್ಟು ತಿರುಗಿಸುವ ದೊಡ್ಡ ಪಾನಾದಿಂದಲೇ ಅದನ್ನು ಬಿಗಿದುಬಿಟ್ಟಿದ್ದ. ತೂತಿನ ಒಳಗಿನ ಸುತ್ತುಗಳೆಲ್ಲ ಪುಡಿಯಾಗಿ ಉದುರಿದವು. ಹೊಸ ಕಾರ್ಬುರೇಟರಿಗೆ ಮೇಲಿನವರಿಗೆ ಬರೆದಿದ್ದೆವು. ಅಲ್ಲಿಂದ ಯಾವ ಸುದ್ದಿಯೂ ಇರಲಿಲ್ಲ. ಬಿರಡೆಯ ಸುತ್ತ ಬಟ್ಟೆ ಒಗೆಯುವ ಸಾಬೂನು ಮೆತ್ತಿ, ನೂಲು ಸುತ್ತಿ, ಹೇಗೋ ಓಡಿಸುತ್ತಿದ್ದೆ. ಅವತ್ತು ಬಿಸಿಲಿಗೆ ಸಾಬೂನೂ ನೂಲೂ ಜಾರಿ, ಬಿರಡೆ ಸಡಿಲಾಗಿ, ಪೆಟ್ರೋಲು ತೊಟ್ಟಿಕ್ಕುತ್ತ ಗಾಡಿ ನಿಂತಿತು.

ಪತ್ತಾರರು ಕಟ್ಟೆ ಇಳಿದು ಬಂದರು. ಪೆಟ್ರೋಲು ಮೂಸಿದರು. ತೂತಿನೊಳಗೆ ಬೆರಳಿಟ್ಟು ಕಣ್ಣು ಮುಚ್ಚಿಕೊಂಡು ಒಂದು ಸುತ್ತು ಸವರಿದರು. ಇದರ ತಿರುಪು ಸತ್ತಿದೆ, ಇಷ್ಟಕ್ಕೆ ಇಷ್ಟು ದೊಡ್ಡ ಗಾಡಿ ನಿಂತಿತೇ ಎಂದು ನಕ್ಕರು. ದಿನಾ ಕಿವಿಗೆ, ಮೂಗಿಗೆ ಸಾಸಿವೆಯಷ್ಟು ತಿರುಪು ಮಾಡುವ ತಮಗೆ ಇದು ಎತ್ತಿನ ಕೊರಳ ಗಂಟೆಯ ಹಾಗೆ ದೊಡ್ಡದು, ಮಾಡಿಕೊಡುತ್ತೇನೆ ಎಂದರು. ನನಗೆ ದೇವರು ಬಂದಂತಾಯಿತು. ಕಾರ್ಬುರೇಟರ್ ಬಿಚ್ಚಿ ಅವರ ಮಣೆಯ ಮೇಲಿಟ್ಟೆ. ಸಂತೆಯ ದಿನ, ಸುತ್ತ ಜನ ಸೇರಿದ್ದರು.

ಅವರು ಮೊದಲು ಮಾಡಿದ ಕೆಲಸ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಕಾರ್ಬುರೇಟರನ್ನು ಒರೆಗಲ್ಲಿಗೆ ಉಜ್ಜಿದರು! ಕಲ್ಲಿನ ಮೇಲೆ ಬೂದಿ ಬಣ್ಣದ ಗೆರೆ ಮೂಡಿತು. ಬೆಳ್ಳಿಯಲ್ಲ, ಸೀಸವಲ್ಲ, ತವರವೂ ಅಲ್ಲ. ಗೆರೆಯನ್ನು ಬೆಳಕಿಗೆ ಹಿಡಿದು ಹಿಂದೆಮುಂದೆ ನೋಡಿದರು. ಇದು ಯಾವ ಲೋಹವೆಂದು ನನ್ನನ್ನು ಕೇಳಿದರು, ನನಗೇನು ಗೊತ್ತು? ಆಗ ಅವರು ಆಡಿದ ಮಾತು ನನಗೆ ಇವತ್ತಿಗೂ ನೆನಪಿದೆ.

“ಯಾವುದಾದ್ರೇನ್ರೀ, ಲೋಹ ಲೋಹಾನ. ಕೆಂಪಾತಂದ್ರ ನಮ್ಮ ಮಾತು ಕೇಳ್ತದ.”

ತೂತಿಗೆ ಬೆಸುಗೆ ತುಂಬಿ, ಮತ್ತೆ ಕೊರೆದು, ಹೊಸ ಸುತ್ತು ಹಾಕುವುದು ಅವರ ಎಣಿಕೆ. ಬೆಸುಗೆ ಹಿಡಿಯಲು ಬಿಳಿಗಾರ ಸವರಿದರು. ಕುಂಪಟಿಯ ಅಂಚಿಗೆ ಇಟ್ಟು ಊದುಗೊಳವೆ ಬಾಯಿಗೆ ಹಚ್ಚಿದರು. ಅವರು ಊದುವುದನ್ನು ನೋಡುವುದೇ ಒಂದು ಸೊಗಸು, ಕೆನ್ನೆ ಉಬ್ಬಿದ್ದು ಇಳಿಯುತ್ತಲೇ ಇರಲಿಲ್ಲ, ಉಸಿರು ಎಲ್ಲಿಂದ ಒಳಗೆ ಹೋಗುತ್ತಿತ್ತೋ ಏನೋ. ಕಣ್ಣು ಮಾತ್ರ ಲೋಹದ ಮೇಲೆ, ಕೆಂಪಾಗುವುದನ್ನೇ ಕಾಯುತ್ತಿತ್ತು. ಅದು ಕೆಂಪಾಗಲಿಲ್ಲ. ಬೂದಿ ಬಣ್ಣದಲ್ಲೇ ಇದ್ದದ್ದು, ಇದ್ದ ಹಾಗೇ, ಬೆಲ್ಲದ ಪಾಕದಂತೆ ತೂತಿನ ಬಳಿ ಮೆತ್ತಗಾಗಿ ಜಾರಿತು. ಒಂದು ದಪ್ಪ ಹನಿ ಬೂದಿಯೊಳಗೆ ಬಿತ್ತು.

ಪತ್ತಾರರ ಬಾಯಲ್ಲಿ ಕೊಳವೆ ಹಾಗೇ ಇತ್ತು. ಪರದೆಯ ಹಿಂದಿನಿಂದ, ಏನಾಯಿತು, ಊದುವುದು ಯಾಕೆ ನಿಂತಿತು ಎಂದು ಅವರ ಹೆಂಡತಿ ಕೇಳಿದರು.

“ಕರಗ್ತು,” ಎಂದರು ಪತ್ತಾರರು.

ನನಗೆ ಸಿಟ್ಟು ನೆತ್ತಿಗೇರಿತು. ಸರ್ಕಾರದ ಗಾಡಿ, ಇರುವುದೊಂದೇ ಕಾರ್ಬುರೇಟರು, ಡಬ್ಬಿಯಲ್ಲಿ ಐಸು ನೀರಾಗುತ್ತಿದೆ, ಮುಕ್ಕುಂದದಲ್ಲಿ ಎತ್ತುಗಳು ಜೊಲ್ಲು ಸುರಿಸುತ್ತ ನಿಂತಿವೆ. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಪತ್ತಾರರು ಚಿಮಟದಿಂದ ಬೂದಿಯೊಳಗಿನ ಹನಿ ಹುಡುಕಿ ತೆಗೆದು, ಅಂಗೈಯಲ್ಲಿ ಹೊರಳಿಸಿ, ನನ್ನ ಮುಂದೆ ಹಿಡಿದರು. ಕೆಂಪಾಗದೆಯೇ ಕರಗಿತು, ನೀವೂ ನೋಡಿದಿರಿ ತಾನೆ ಎಂದು ಕೇಳಿದರು. ಹುಚ್ಚೇ ಇರಬೇಕು ಎಂದುಕೊಂಡು, ಗಾಡಿಯನ್ನು ಅವರ ಬೇವಿನ ಮರದ ಕೆಳಗೆ ಬಿಟ್ಟು, ಸಿಂಧನೂರಿನ ಬಸ್ಸು ಹತ್ತಿದೆ. ಆಮೇಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲೇ ಓಡಾಡಿದೆ.

ನನಗಾದದ್ದು ತೊಂದರೆ, ಅಷ್ಟೇ. ಅವರಿಗಾದದ್ದು ಅದಕ್ಕಿಂತ ದೊಡ್ಡದು ಎಂದು ತಿಳಿಯಲು ನನಗೆ ಕೆಲವು ದಿನ ಬೇಕಾಯಿತು. ಆ ಊರಿನಲ್ಲಿ ಹೆಂಗಸರು ಚಿನ್ನ ಕೊಡುವುದು ಅಂಗಡಿ ನೋಡಿಯಲ್ಲ, ಬೆಂಕಿ ಬಲ್ಲ ಕೈಯನ್ನು ನೋಡಿ. ತಾಯಿಯ ಮನೆಯಿಂದ ತಂದದ್ದನ್ನು ಬಿಚ್ಚಿ ಕೆಂಡದ ಮುಂದೆ ಇಡುವುದೆಂದರೆ ಸಣ್ಣ ಮಾತಲ್ಲ. ಇಷ್ಟು ವರ್ಷದಲ್ಲಿ ಪತ್ತಾರರ ಮುಂದೆ ಇಟ್ಟದ್ದು ಅವರು ಬೇಡವೆಂದಾಗ ಕರಗಿದ್ದಿಲ್ಲ. ಅವತ್ತು ಸಂತೆಗೆ ಬಂದ ಜನ ಕಣ್ಣಾರೆ ಕಂಡಿದ್ದರು. ಸಂತೆ ಮುಗಿಯುವುದರೊಳಗೆ ಸುದ್ದಿ ಹಳ್ಳಿಹಳ್ಳಿಗೆ ಹೋಯಿತು, ಹೋಗುತ್ತ ಹೋಗುತ್ತ ಬೆಳೆಯಿತು. ಪತ್ತಾರರಿಗೆ ಕಣ್ಣು ಮಂಜಾಗಿದೆಯಂತೆ, ಕೈಯಲ್ಲಿ ಬೆಂಕಿ ನಿಲ್ಲುವುದಿಲ್ಲವಂತೆ, ಸರ್ಕಾರದ ಬೆಳ್ಳಿ ಕರಗಿಸಿಬಿಟ್ಟರಂತೆ. ಮದುವೆಗಳ ಕಾಲ ಬೇರೆ. ಅರ್ಧ ಕೆಲಸವಾಗಿದ್ದ ಪಾಟಲಿ ಬಳೆಗಳನ್ನು ಒಂದು ಮನೆಯವರು ಬಂದು ವಾಪಸು ಒಯ್ದರು. ಉಳಿದವರು ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು.

ಬೇರೆ ಯಾರಾದರೂ ಆಗಿದ್ದರೆ ಅದು ಯಾವುದೋ ದರಿದ್ರ ಲೋಹ, ನನ್ನ ತಪ್ಪಲ್ಲ ಎಂದು ಆ ಹನಿಯನ್ನು ಹಳ್ಳಕ್ಕೆ ಎಸೆಯುತ್ತಿದ್ದರು. ಇವರು ಮಾಡಿದ್ದೇನು? ಅದನ್ನು ತೊಳೆದು, ಒರೆಗಲ್ಲಿನ ಪಕ್ಕದಲ್ಲಿ, ಕಟ್ಟೆ ಹತ್ತಿದವರಿಗೆ ಮೊದಲು ಕಾಣುವ ಹಾಗೆ ಇಟ್ಟರು. ಬೆಳ್ಳಿಯ ಉಡಿದಾರ ಬೆಸೆಯಲು ಬಂದವರಿಗೂ ಮೊದಲು ಅದನ್ನು ತೋರಿಸುವುದು. ಇದು ನಾನು ತಿಳಿಯದೆ ಕರಗಿಸಿದ್ದು, ನೋಡಿರಿ, ಆಮೇಲೆ ನಿಮ್ಮದನ್ನು ಕೊಡುವುದಾದರೆ ಕೊಡಿರಿ ಎನ್ನುವುದು. ಕೊಡಲು ಬಂದವರೂ ಎದ್ದುಹೋದರು. ನಾನು ಗಾಡಿಯ ಗತಿ ಏನಾಯಿತೆಂದು ನೋಡಲು ಹೋದ ದಿನ ಪರದೆಯ ಒಳಗಿನಿಂದ ಆ ಅಮ್ಮನ ಸಿಟ್ಟು ನನ್ನ ಮೂಲಕ ಗಂಡನಿಗೆ ಮುಟ್ಟುತ್ತಿತ್ತು.

“ನೀವರ ಹೇಳ್ರೀ ಸಲೋತ್ರಿಯವರ. ತಮ್ಮ ಹುಣ್ಣು ತಾವ ಅಂಗಡ್ಯಾಗ ಇಟ್ಟುಕೊಂಡು ಯಾರರ ಕುಂದರ್ತಾರೇನು?”

ಪತ್ತಾರರು ನನ್ನ ಕಿವಿ ನೋಡುತ್ತ, ಹೌದು, ಕುಂಪಟಿ ಹೊತ್ತಿಸದೆ ಎಷ್ಟೋ ದಿನವಾಯಿತು, ಮನೆಯಲ್ಲಿ ಇವಳಿಗೂ ಕಷ್ಟ ಎಂದರು. ಮತ್ತೆ, ಆ ಹನಿಯನ್ನು ಯಾಕೆ ತೆಗೆಯುವುದಿಲ್ಲ ಎಂದು ನಾನೂ ಕೇಳಿದೆ. ಮುಚ್ಚಿಟ್ಟು ಚಿನ್ನ ಈಸಿಕೊಂಡರೆ ಊದುವಾಗ ಕೈ ನಡುಗುತ್ತದೆ, ನಡುಗುವ ಕೈಯಲ್ಲಿ ಇನ್ನೊಬ್ಬರ ತಾಳಿ ಹಿಡಿಯಲಾರೆ ಎಂದರು.

ಕೆಲಸವಿಲ್ಲದ ಆ ದಿನಗಳಲ್ಲಿ ಅವರು ಮಾಡಿದ್ದು ಒಂದೇ, ಆ ಲೋಹವನ್ನು ವಿಚಾರಿಸಿಕೊಂಡದ್ದು. ಕಾರ್ಬುರೇಟರಿನ ಸುಟ್ಟ ಅಂಚಿನಿಂದ ಅರ ಹಾಕಿ ಚೂರು ತೆಗೆದು, ದೀಪಕ್ಕೆ ಹಿಡಿದು ನೋಡಿದ್ದರು, ಹುಣಸೆ ನೀರಿನಲ್ಲಿ ನೆನೆಸಿ ನೋಡಿದ್ದರು, ಸುತ್ತಿಗೆಯಿಂದ ತಟ್ಟಿ ನೋಡಿದ್ದರು. ಬೆಂಕಿಗೆ ತಡೆಯುವುದಿಲ್ಲ, ತಟ್ಟಿದರೆ ಸೀಳುತ್ತದೆ, ಬೆಸುಗೆ ಒಪ್ಪುವುದಿಲ್ಲ. ಇದನ್ನೆಲ್ಲ ಅವರು ಹೊಸ ಸೊಸೆಯ ಗುಣ ವರ್ಣಿಸುವ ಅತ್ತೆಯ ಹಾಗೆ ಹೇಳಿದರು, ಅರ್ಧ ದೂರು, ಅರ್ಧ ಸಂಭ್ರಮ. ನನ್ನ ಸಿಟ್ಟು ಎಲ್ಲಿ ಹೋಯಿತೋ, ನಾನೂ ಮಣೆಯ ಹತ್ತಿರಕ್ಕೆ ಜರುಗಿ ಕೂತೆ. ಆಗ ಅವರು ದನಿ ತಗ್ಗಿಸಿ, ತಾವು ಎಡವಿದ್ದು ಎಲ್ಲಿ ಎಂದು ಹೇಳಿದರು.

“ಇದನ್ನ ಲೋಹ ಅಂತ ತಿಳಕೊಂಡಿದ್ದ ತಪ್ಪಾತ್ರೀ. ಇದು ಹರಳು. ಹರಳಿಗೆ ಬೆಂಕಿ ತೋರಸಂಗಿಲ್ಲ.”

ಉಂಗುರಕ್ಕೆ ಹರಳು ಕೂಡಿಸುವಾಗ ಪತ್ತಾರರು ಬೆಂಕಿಯ ಕೆಲಸವನ್ನೆಲ್ಲ ಮೊದಲೇ ಮುಗಿಸಿಕೊಳ್ಳುತ್ತಾರೆ. ಚಿನ್ನದ ಮನೆ ತಣ್ಣಗಾದ ಮೇಲೆ, ಒಳಗೆ ಅರಗು ಇಟ್ಟು, ಹರಳು ಕೂರಿಸಿ, ಅಂಚನ್ನು ಮೆಲ್ಲಗೆ ಒತ್ತಿ ಮಡಿಸುತ್ತಾರೆ. ಇಲ್ಲಿಯೂ ಹಾಗೇ ಮಾಡಿದರು. ಕರಗಿ ಅಂಕುಡೊಂಕಾಗಿದ್ದ ತೂತನ್ನು ಅರದಿಂದ ಉಜ್ಜಿ ಉಜ್ಜಿ ದುಂಡಗೆ, ದೊಡ್ಡದು ಮಾಡಿದರು. ಹಿತ್ತಾಳೆಯ ಒಂದು ಗುಂಡು ಸಲಾಕೆಗೆ ಎರಡು ತಂತಿಗಳನ್ನು ಜೊತೆಜೊತೆಯಾಗಿ, ನಡುವೆ ಸಂದಿಲ್ಲದಂತೆ ಸುತ್ತಿದರು. ಒಂದು ತಂತಿಯನ್ನು ಬಿಚ್ಚಿ ತೆಗೆದು ಇನ್ನೊಂದನ್ನು ಸಲಾಕೆಗೇ ಬೆಸೆದರು, ಅದು ಬಿರಡೆಯಾಯಿತು. ಬಿಚ್ಚಿದ ತಂತಿಯನ್ನು ಗಿಡ್ಡನೆಯ ಹಿತ್ತಾಳೆ ಕೊಳವೆಯ ಒಳಗೋಡೆಗೆ ಬೆಸೆದರು, ಅದು ಬಿರಡೆಯ ಮನೆ. ಹಿತ್ತಾಳೆ ಬೆಂಕಿಗೆ ಹೆದರುವುದಿಲ್ಲವಲ್ಲ, ಬೆಸೆಯುವುದೆಲ್ಲ ಅದರ ಮೈಮೇಲೆಯೇ ನಡೆಯಿತು. ಒಂದೇ ಸುತ್ತಿನಲ್ಲಿ ಹುಟ್ಟಿದ ಆ ಎರಡನ್ನು ಒಂದರೊಳಗೊಂದು ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳು ಹೋದ ಹಾಗೆ ಹೋಗುತ್ತಿತ್ತು. ನನ್ನ ಕೈಗೆ ಕೊಟ್ಟು ತಿರುಗಿಸಿ ನೋಡಲು ಹೇಳಿದರು. ನಾನು ಮಕ್ಕಳ ಹಾಗೆ ಮತ್ತೆ ಮತ್ತೆ ತಿರುಗಿಸಿದೆ.

ಆಮೇಲೆ ಕೊಳವೆಯನ್ನು ತಣ್ಣಗೆ ಆ ದೊಡ್ಡ ತೂತಿಗೆ ಇಳಿಸಿ, ಸುತ್ತ ಅರಗು ತುಂಬಿ, ಹಿತ್ತಾಳೆಯ ಅಂಚನ್ನು ಒತ್ತಿ ಮಡಿಸಿದರು. ಪೆಟ್ರೋಲು ಅರಗನ್ನು ತಿನ್ನುತ್ತದೆಯೋ ಎಂದು ಮೊದಲೇ ನನ್ನಿಂದ ಒಂದು ಬಟ್ಟಲು ಪೆಟ್ರೋಲು ಇಸಿದುಕೊಂಡು, ಅರಗಿನ ಚೂರನ್ನು ಅದರಲ್ಲಿ ಮುಳುಗಿಸಿಟ್ಟು ದಿನವೂ ನೋಡಿದ್ದರು. ತಿನ್ನಲಿಲ್ಲ. ಬಿರಡೆಯನ್ನು ಬೆರಳಿನಿಂದಲೇ ಬಿಗಿದರು. ನಾನು ಪಾನಾ ತೆಗೆದಾಗ ಕೈ ಮೇಲೆ ಪಟ್ಟನೆ ಹೊಡೆದರು.

ಗಾಡಿ ಒದೆತಕ್ಕೆ ಎದ್ದಿತು. ಒಂದು ಹನಿ ಸೋರಲಿಲ್ಲ. ಆ ಚಳಿಗಾಲವಿಡೀ ಮುಕ್ಕುಂದಕ್ಕೂ ಅದರಾಚೆಗೂ ಅದೇ ಹಿತ್ತಾಳೆಯ ಬಿರಡೆಯ ಮೇಲೆ ಓಡಾಡಿದೆ. ಹೋದಲ್ಲೆಲ್ಲ ಗಾಡಿ ನಿಲ್ಲಿಸಿ, ಬಗ್ಗಿ ತೋರಿಸಿ, ಮಸ್ಕಿಯ ಪತ್ತಾರರು ಮಾಡಿದ್ದು ಎಂದು ಸಾರಿದೆ. ಗಂಡಸರು ಬೆರಗಿನಿಂದ ನೋಡಿದರು, ಹೌದು ಹೌದು ಎಂದರು. ಆದರೆ ಫಟಫಟಿಯ ಬಿರಡೆ ನೋಡಿ ಯಾವ ಹೆಂಗಸು ತನ್ನ ಕೊರಳಿನ ಬೋರಮಾಳ ಬಿಚ್ಚಿಕೊಡುತ್ತಾಳೆ? ಅಂಗಡಿ ಹಾಗೇ ಉಳಿಯಿತು. ಮದುವೆಗಳು ಬೇರೆಯವರ ಕೈಯ ಒಡವೆ ತೊಟ್ಟುಕೊಂಡೇ ಮುಗಿದವು. ಪತ್ತಾರರು ಕೀಲಿ, ಕನ್ನಡಕ, ಬೀಸುವ ಕಲ್ಲಿನ ಗೂಟ, ಇಂಥವನ್ನು ರಿಪೇರಿ ಮಾಡುತ್ತ ಕೂತಿರುತ್ತಿದ್ದರು. ಅವರ ಮಾತು ಕಡಿಮೆಯಾಗಿತ್ತು, ಪ್ರಶ್ನೆ ಮಾತ್ರ ನಿಂತಿರಲಿಲ್ಲ.

ಬೇಸಿಗೆಯ ಒಂದು ದಿನ ನಾನು ಅವರ ಕಟ್ಟೆಯ ಮೇಲೆ ನೀರು ಕುಡಿಯುತ್ತ ಕೂತಿದ್ದಾಗ ಕಮಾನು ಕಟ್ಟಿದ ಸವಾರಿ ಬಂಡಿಯೊಂದು ಬಂದು ನಿಂತಿತು. ಪಕ್ಕದ ಹಳ್ಳಿಯ ದೊಡ್ಡ ಮನೆಯ ಗೌಡಸಾನಿ ಇಳಿದರು. ತಲೆ ಪೂರ್ತಿ ನೆರೆತ ಹಿರಿಯರು, ಹಣೆಯ ತುಂಬ ವಿಭೂತಿ. ಸೆರಗನ್ನು ಎಡಗಿವಿಗೆ ಒತ್ತಿ ಹಿಡಿದಿದ್ದರು. ಸುತ್ತಲ ಊರಿನ ಹೆಂಗಸರು ಏನು ತೊಡಬೇಕು, ಯಾರಲ್ಲಿ ಮಾಡಿಸಬೇಕು ಎನ್ನುವುದು ಅವರ ಮನೆಯ ಪಡಸಾಲೆಯಲ್ಲಿ ತೀರ್ಮಾನವಾಗುತ್ತಿತ್ತು. ಸುದ್ದಿ ಹರಡಿದ ಮೇಲೆ ಆ ಮನೆಯಿಂದಲೂ ಯಾರೂ ಈ ಕಟ್ಟೆ ತುಳಿದಿರಲಿಲ್ಲ. ಬೀದಿಯವರು ಒಬ್ಬೊಬ್ಬರಾಗಿ ಬಂದು ನಿಂತರು.

ಅವರು ಸೆರಗು ತೆಗೆದರು. ಎಡಗಿವಿ ಬಾತು ಕೆಂಪಗಾಗಿತ್ತು. ಮದುವೆಯಲ್ಲಿ ಇಟ್ಟ ಬೆಂಡೋಲೆ, ಅದರ ತಿರುಪಿನ ಸುತ್ತು ಸವೆದು, ಎತ್ತ ತಿರುಗಿಸಿದರೂ ಸುಮ್ಮನೆ ತಿರುಗುತ್ತಿತ್ತೇ ಹೊರತು ಹೊರಗೆ ಬರುತ್ತಿರಲಿಲ್ಲ. ಕಿವಿ ಬಾಯುತ್ತ ಬಂದಂತೆ ಓಲೆ ಒಳಗೆ ಹೂತುಕೊಳ್ಳುತ್ತಿತ್ತು. ಲಿಂಗಸುಗೂರು, ಸಿಂಧನೂರು ಎರಡೂ ಕಡೆ ತೋರಿಸಿಕೊಂಡು ಬಂದಿದ್ದರು. ಪತ್ತಾರರು ಎಂದಿನಂತೆ ಕಿವಿಗೆ ಕೈ ಹಾಕಲು ಹೋಗಲಿಲ್ಲ. ಒರೆಗಲ್ಲಿನ ಪಕ್ಕದಲ್ಲಿದ್ದ ಹನಿಯನ್ನು ಎತ್ತಿ ಅವರ ಮುಂದೆ ಇಟ್ಟರು. ಪರದೆಯ ಹಿಂದೆ ಬಳೆ ಸದ್ದಾಯಿತು. ನಾನು ಮನಸ್ಸಿನಲ್ಲೇ, ಇವತ್ತೊಂದು ದಿನವಾದರೂ ಸುಮ್ಮನಿರಬಾರದೇ ಮಾರಾಯ ಎಂದು ಬೈದೆ.

ಗೌಡಸಾನಿ ಅದನ್ನು ಬೆರಳಿನಲ್ಲಿ ಹಿಡಿದು ನೋಡಿದರು. ಜನ ಹೇಳುವುದು ಇದನ್ನೇ ಏನು ಎಂದರು. ಹೌದೆಂದರು ಪತ್ತಾರರು. ಯಾಕೆ ಕರಗಿತು ಎಂದು ಗೌಡಸಾನಿ ಕೇಳಿದರು.

“ಅದು ಏನಂತ ನನಗ ಗೊತ್ತಿರಲಿಲ್ರೀ ಅವ್ವಾರ. ಗೊತ್ತೈತಿ ಅಂದ್ಕೊಂಡು ಊದಿದೆ.”

“ನನ್ನ ಕಿವಿದು ಗೊತ್ತೈತೇನು?”

“ಇಲ್ರೀ. ನೋಡಬೇಕು.”

ಗೌಡಸಾನಿ ಆ ಹನಿಯನ್ನು ಇದ್ದ ಜಾಗದಲ್ಲೇ ಇಟ್ಟರು. “ಎರಡೂರಾಗ ತಿರಗ್ಯಾಡಿ ಬಂದೀನಿ. ಎಲ್ಲಾರೂ ಗೊತ್ತೈತಿ ಅಂದ್ರು, ಅಂದವರೆಲ್ಲ ಇಕ್ಕಳ ತಗೊಂಡ್ರು. ನೀ ನೋಡಪಾ” ಎಂದು ಮಣೆಯ ಪಕ್ಕದಲ್ಲಿ ಕೂತು ಕಿವಿಯನ್ನು ಅವರ ಕಡೆಗೆ ಬಾಗಿಸಿದರು.

ಪತ್ತಾರರು ತುಂಬ ಹೊತ್ತು ನೋಡಿದರು. ಔಡಲೆಣ್ಣೆ ತರಿಸಿ ಹನಿ ಹನಿ ಬಿಟ್ಟು ಕಾದರು. ಹೆಂಡತಿಯನ್ನು ಹೊರಗೆ ಕರೆದು ಓಲೆಯ ಮುಂದಿನ ಹೂವನ್ನು ಅಲುಗದಂತೆ ಹಿಡಿಯಲು ಹೇಳಿದರು. ಆ ಅಮ್ಮ ಬೀದಿಯವರ ಮುಂದೆಯೇ ಬಂದು ಕೂತು ಹಿಡಿದರು. ಪತ್ತಾರರು ತಿರುಪಿನ ತಲೆಗೆ ರೇಷ್ಮೆ ಎಳೆ ಸುತ್ತಿ, ಒಂದು ಕೈಯಿಂದ ಅದನ್ನು ಹಿಂದಕ್ಕೆ ಮೆಲ್ಲಗೆ ಜಗ್ಗುತ್ತ, ಇನ್ನೊಂದು ಕೈಯ ಬೆರಳಿನಿಂದ ತಿರುಗಿಸಿದರು. ಹಾಗೆ ಜಗ್ಗಿ ಹಿಡಿದಾಗ ಅಳಿದುಳಿದ ಸುತ್ತುಗಳು ಒಂದನ್ನೊಂದು ಕಚ್ಚಿದವು. ಸ್ವಲ್ಪ ಬಂತು, ನಿಂತಿತು. ಮತ್ತೆ ಎಣ್ಣೆ, ಮತ್ತೆ ಕಾಯುವುದು. ನೋಯುತ್ತದೆಯೇ ಎಂದು ಅವರು ಕೇಳುವರು, ನೋಯುತ್ತದೆ, ನೀ ಮಾಡು ಎಂದು ಆಕೆ ಹೇಳುವರು. ಕೊನೆಗೆ ತಿರುಪು ಪತ್ತಾರರ ಅಂಗೈಗೆ ಬಿತ್ತು. ಕಿವಿಯಿಂದ ಒಂದಿಷ್ಟು ಕೀವು ಬಂತು, ರಕ್ತ ಬರಲಿಲ್ಲ.

ಗೌಡಸಾನಿ ಕಿವಿ ಮುಟ್ಟಿ ನೋಡಿಕೊಂಡರು. ಎಡಗಿವಿಯ ಓಲೆಯನ್ನು ಒರೆಸಿ ಮಣೆಯ ಮೇಲಿಟ್ಟರು. ಆಮೇಲೆ ಯಾರೂ ಕೇಳದಿದ್ದರೂ ಬಲಗಿವಿಯದನ್ನೂ ತಾವೇ ಬಿಚ್ಚಿ, ಅದರ ಪಕ್ಕದಲ್ಲಿಟ್ಟರು. ಪತ್ತಾರರು ತಿಳಿಯದೆ ಅವರನ್ನೇ ನೋಡಿದರು.

“ಮೊಮ್ಮಗಳಿಗೆ ಹೊಸಾವು ಬೇಕು,” ಎಂದರು ಗೌಡಸಾನಿ, ಬೀದಿಯಲ್ಲಿ ನಿಂತವರಿಗೂ ಕೇಳಿಸುವ ಹಾಗೆ. “ಇವೆರಡೂ ಕರಗಸು.”

ಪತ್ತಾರರು ಕೈಕಟ್ಟಿಕೊಂಡು ಕೂತೇ ಇದ್ದರು. ಅವರ ಹೆಂಡತಿ ಎದ್ದು ಒಳಗೆ ಹೋಗಿ, ಒಲೆಯಿಂದ ಕೆಂಡ ತಂದು ಕುಂಪಟಿಗೆ ಹಾಕಿದರು.